ಕಷ್ಟ ಬರುವ ಮೊದಲೇ ದೇವರಿಗೆ ಕೊಡುವ ಮಾತು



ಬಂಟ್ವಾಳ ಪೇಟೆಯಲ್ಲೋ ಪಾಣೆಮಂಗಳೂರಿನಲ್ಲೋ ನೇತ್ರಾವತಿ ದಡದ ಹಿರಿಯರೊಡನೆ ಮಾತಿಗೆ ಕುಳಿತರೆ ಎರಡು ಇಸವಿಗಳು ಹೇಗಾದರೂ ಬಂದೇ ಬರುತ್ತವೆ: 1923 ಮತ್ತು 1974. ಎರಡೂ ದೊಡ್ಡ ನೆರೆಯ ವರ್ಷಗಳು. ತಗ್ಗಿನ ಜಾಗದಲ್ಲಿ ಮನೆ ಕಟ್ಟಲು ಹೊರಟವನು ಬುದ್ಧಿವಂತನಾದರೆ ಮೊದಲು ಕೇಳುವ ಪ್ರಶ್ನೆ, ಎಪ್ಪತ್ನಾಲ್ಕರ ನೀರು ಇಲ್ಲಿ ಎಲ್ಲಿಯವರೆಗೆ ಬಂದಿತ್ತು ಎಂಬುದು. ಅದಕ್ಕಿಂತ ಮೇಲೆ ಪಂಚಾಂಗ ಏರಿಸುತ್ತಾನೆ. ಕೆಲಸ ಮಾಡಿಸುವುದು ಬೇಸಿಗೆಯಲ್ಲಿ, ಹೊಳೆ ಸಣ್ಣಗೆ ಹರಿಯುತ್ತಿರುವಾಗ. ಆಷಾಢದ ನೀರು ಮೆಟ್ಟಿಲು ಮುಟ್ಟಿದ ಮೇಲೆ ಪಂಚಾಂಗ ಎತ್ತರಿಸಲು ಯಾವ ಮೇಸ್ತ್ರಿಯಿಂದಲೂ ಆಗದು.

ಪ್ರಭು ಯೇಸು ಹೇಳಿದ ಎರಡು ಮನೆಗಳ ಸಾಮತಿಯಲ್ಲಿ (ಮತ್ತಾಯ 7) ನಾವು ಸಾಮಾನ್ಯವಾಗಿ ಗಮನಿಸದ ಒಂದು ಸಂಗತಿ ಇದೆ. ಎರಡೂ ಮನೆಗಳಿಗೆ ಬಂದ ಮಳೆ ಒಂದೇ, ಹೊಳೆ ಒಂದೇ, ಗಾಳಿಯೂ ಒಂದೇ. ವಿಶ್ವಾಸಿಯ ಮನೆಗೆ ಮಳೆ ಕಡಿಮೆ ಸುರಿಯಲಿಲ್ಲ. ಯಾವ ಮನೆ ಉಳಿಯುತ್ತದೆ ಎಂಬುದು ಮಳೆಯ ದಿನ ತೀರ್ಮಾನವಾದದ್ದೂ ಅಲ್ಲ. ಅದು ಅಡಿಪಾಯ ತೋಡಿದ ದಿನವೇ ಮುಗಿದ ವಿಷಯ. ಮನೆಯ ವಿಷಯದಲ್ಲಿ ಇಷ್ಟು ಮುಂದಾಲೋಚನೆ ಇರುವ ನಾವು ವಿಶ್ವಾಸದ ವಿಷಯ ಬಂದಾಗ ಮಾತ್ರ 'ಬಂದಾಗ ನೋಡಿದರಾಯಿತು' ಎನ್ನುತ್ತೇವೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಧರ್ಮಕೇಂದ್ರಗಳ ಗುರ್ಕಾರರೂ ಕ್ರೈಸ್ತ ಶಿಕ್ಷಣದ ಶಿಕ್ಷಕರೂ ಕೇಳುವ ಪ್ರಶ್ನೆ ಒಂದಿದೆ. ಭಾನುವಾರದ ಬಲಿಪೂಜೆ ತಪ್ಪಿಸದವರು, ಮನೆಯಲ್ಲಿ ಜಪಮಾಲೆ ಹೇಳುವವರು, ಒಂದು ಸಾಲದ ಹೊಡೆತಕ್ಕೆ ಅಥವಾ ಒಂದು ಕಾಯಿಲೆಗೆ ಏಕೆ ದಿಕ್ಕು ತಪ್ಪುತ್ತಾರೆ? ಉತ್ತರ ಒಂದೇ ಅಲ್ಲ. ಆದರೆ ಒಂದು ಕಾರಣವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬಹುದು: ದೇವರ ಮಾತನ್ನು ಪಾಲಿಸುತ್ತೇನೆ ಎಂಬ ನಿರ್ಧಾರವನ್ನು ಅವರು ಸಮಾಧಾನದ ದಿನಗಳಲ್ಲಿ ಎಂದೂ ಸ್ಪಷ್ಟವಾಗಿ ಮಾಡಿಕೊಂಡಿರಲಿಲ್ಲ.

ದಾನಿಯೇಲನ ಊಟ, ದಾನಿಯೇಲನ ಕಿಟಕಿ

ದಾನಿಯೇಲ ಎಂದರೆ ನಮಗೆ ಸಿಂಹದ ಗುಂಡಿ ನೆನಪಾಗುತ್ತದೆ. ಅದು ಗ್ರಂಥದ ಆರನೆಯ ಅಧ್ಯಾಯ. ಕತೆ ಆರಂಭವಾಗುವುದು ಮೊದಲನೆಯ ಅಧ್ಯಾಯದಲ್ಲಿ, ಊಟದ ತಟ್ಟೆಯ ಮುಂದೆ. ಸೆರೆಯಾಗಿ ಬಾಬಿಲೋನಿಗೆ ಬಂದ ಯುವಕ ಅವನು. ರಾಜನ ಅಡುಗೆಮನೆಯಿಂದ ಬರುವ ಭೋಜನ, ದ್ರಾಕ್ಷಾರಸ, ಮುಂದೆ ದೊಡ್ಡ ಹುದ್ದೆ ಎಲ್ಲವೂ ಸಿದ್ಧವಿದ್ದಾಗ ಅವನು ತನ್ನ ಹೃದಯದಲ್ಲಿ ಒಂದು ನಿರ್ಧಾರ ಮಾಡಿಕೊಂಡ ಎಂದು ಎಂಟನೆಯ ವಚನ ತಿಳಿಸುತ್ತದೆ. ಹಠ ಮಾಡಿ ತಟ್ಟೆ ದೂಡಲಿಲ್ಲ. ಮೇಲ್ವಿಚಾರಕನ ಬಳಿ ವಿನಯದಿಂದ ಹತ್ತು ದಿನದ ಪರೀಕ್ಷೆ ಕೇಳಿಕೊಂಡ. ಸೊಪ್ಪು ತರಕಾರಿ, ನೀರು. ಪ್ರಾಣಕ್ಕೆ ಅಪಾಯವಿಲ್ಲದಂಥ ಸಣ್ಣ ವಿಷಯದಲ್ಲಿ ಕಲಿತ ವಿಧೇಯತೆ ಅದು.

ವರ್ಷಗಳು ಕಳೆದು, ಅರಸನನ್ನು ಬಿಟ್ಟು ಬೇರೆ ಯಾರಿಗೂ ಪ್ರಾರ್ಥಿಸಬಾರದೆಂಬ ಆಜ್ಞೆ ಹೊರಟಾಗ ದಾನಿಯೇಲ ಮಾಡಿದ್ದೇನು? ಮನೆಗೆ ಹೋದ, ಜೆರುಸಲೇಮಿನ ಕಡೆ ತೆರೆದಿದ್ದ ಕಿಟಕಿಯ ಬಳಿ ಮೊಣಕಾಲೂರಿದ, ದಿನಕ್ಕೆ ಮೂರು ಸಲ ಪ್ರಾರ್ಥಿಸಿದ. ಮೊದಲು ಹೇಗೆ ಮಾಡುತ್ತಿದ್ದನೋ ಹಾಗೆಯೇ ಎಂದು ಗ್ರಂಥ ಸೇರಿಸುತ್ತದೆ. ಈ ಒಂದು ಮಾತಿನಲ್ಲಿ ಇಡೀ ಪಾಠ ಅಡಗಿದೆ ಎಂದು ನಮಗೆ ತೋರುತ್ತದೆ. ಆ ದಿನ ಅವನು ಹೊಸದೇನನ್ನೂ ಮಾಡಲಿಲ್ಲ. ಸಿಂಹದ ಗುಂಡಿಯ ಮುಂದೆ ನಿಂತು ಪ್ರಾರ್ಥಿಸಬೇಕೇ ಬೇಡವೇ ಎಂದು ಯೋಚಿಸುವ ಪ್ರಮೇಯವೇ ಅವನಿಗೆ ಬರಲಿಲ್ಲ, ಏಕೆಂದರೆ ಆ ಪ್ರಶ್ನೆಗೆ ಅವನು ಯೌವನದಲ್ಲಿಯೇ ಉತ್ತರ ಕೊಟ್ಟಾಗಿತ್ತು.

ಮೂರನೆಯ ಅಧ್ಯಾಯದ ಮೂವರು ಯುವಕರು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ನಮ್ಮ ದೇವರು ಉರಿಯುವ ಕುಲುಮೆಯಿಂದ ನಮ್ಮನ್ನು ಬಿಡಿಸಬಲ್ಲರು, ಬಿಡಿಸದಿದ್ದರೂ ನಿನ್ನ ವಿಗ್ರಹಕ್ಕೆ ಅಡ್ಡಬೀಳುವುದಿಲ್ಲ ಎಂಬ ಅರ್ಥದ ಉತ್ತರ ಅವರದು. ಇದನ್ನು ಒತ್ತಿ ಹೇಳಬೇಕಾಗಿದೆ. ನಮ್ಮಲ್ಲಿ ಎಷ್ಟೋ ಹರಕೆಗಳು ಇದರ ತದ್ವಿರುದ್ಧ: ಕೆಲಸ ಸಿಕ್ಕಿದರೆ ಇಂತಿಷ್ಟು, ಕಾಯಿಲೆ ಗುಣವಾದರೆ ಇಂತಿಷ್ಟು. ಹರಕೆ ತಪ್ಪೆಂದು ನಾವು ಹೇಳುತ್ತಿಲ್ಲ, ಧರ್ಮಸಭೆ ಅದನ್ನು ಗೌರವಿಸುತ್ತದೆ. ಆದರೆ ಕಷ್ಟ ಬರಬಾರದೆಂದು ದೇವರೊಡನೆ ಮಾಡುವ ಕರಾರು ಬೇರೆ, ಕಷ್ಟ ಬಂದರೂ ಅವರ ಮಾತು ಮೀರುವುದಿಲ್ಲ ಎಂಬ ನಿರ್ಧಾರ ಬೇರೆ.

ಸಂತ ಜೋಸೆಫ್ ವಾಜರು ಬರೆದುಕೊಟ್ಟ ಪತ್ರ

ನಮ್ಮ ಕರಾವಳಿಯವರಿಗೆ ಇದಕ್ಕೆ ದೂರದ ಉದಾಹರಣೆ ಬೇಕಾಗಿಲ್ಲ. ಹಿಂದೆ ಬಂಟ್ವಾಳ ತಾಲೂಕಿನಲ್ಲಿದ್ದು ಈಗ ಉಳ್ಳಾಲ ತಾಲೂಕಿಗೆ ಸೇರಿರುವ ಮುಡಿಪುವಿನ ಪುಣ್ಯಕ್ಷೇತ್ರಕ್ಕೆ ಹೋಗದ ಕುಟುಂಬ ನಮ್ಮಲ್ಲಿ ವಿರಳ. ಬಂಡೆಯ ಬಳಿ ಚಿಮ್ಮಿದ ನೀರಿನ ಐತಿಹ್ಯವನ್ನು ಮಕ್ಕಳೂ ಹೇಳುತ್ತಾರೆ. ಆದರೆ ಆ ಸಂತರ ಜೀವನದಲ್ಲಿ ಮುಡಿಪುವಿಗಿಂತ ಮೊದಲು ನಡೆದ ಒಂದು ಘಟನೆ ಅಷ್ಟಾಗಿ ತಿಳಿದಿಲ್ಲ.

ಗೋವೆಯ ಬಾಣಾವಲಿಯಲ್ಲಿ 1651ರ ಏಪ್ರಿಲ್ 21ರಂದು ಜನಿಸಿದ ಜೋಸೆಫ್ ವಾಜರು 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ, 1677ರ ಆಗಸ್ಟ್ 5ರಂದು, ಸಾಂಕ್ವಾಳದಲ್ಲಿ ಒಂದು ಪತ್ರ ಬರೆದು ಸಹಿ ಹಾಕಿದರು. ಅದು ದಾಸ್ಯಪತ್ರ. ಮನುಷ್ಯರನ್ನು ಕೊಂಡು ಮಾರುತ್ತಿದ್ದ ಆ ಕಾಲದಲ್ಲಿ, ಗುಲಾಮನನ್ನು ಬರೆದುಕೊಡುವ ರೀತಿಯಲ್ಲಿಯೇ, ತಮ್ಮನ್ನು ದೇವಮಾತೆಯ ಶಾಶ್ವತ ದಾಸನನ್ನಾಗಿ ಬರೆದುಕೊಟ್ಟರು. ಆಗ ಅವರ ವಯಸ್ಸು 26. ಯಾವ ಸೆರೆಮನೆಯೂ ಎದುರಿಗಿರಲಿಲ್ಲ. ಊರಿನಲ್ಲಿ ಹೆಸರಿತ್ತು, ಪ್ರವಚನಕಾರರೆಂದು ಜನ ಮೆಚ್ಚುತ್ತಿದ್ದರು. ಇನ್ನು ನನ್ನ ಸ್ವಂತದ್ದೆಂಬುದಿಲ್ಲ, ಕಳುಹಿಸಿದಲ್ಲಿಗೆ ಹೋಗುತ್ತೇನೆ ಎಂಬ ಮಾತನ್ನು ಕೊಟ್ಟದ್ದು ಹೀಗೆ ಎಲ್ಲವೂ ಅನುಕೂಲವಾಗಿದ್ದಾಗ.

ಆ ಮಾತಿಗೆ ಮೊದಲ ಪರೀಕ್ಷೆ ನಮ್ಮ ಕೆನರಾ ನಾಡೇ. ವಾಜರ ಮನಸ್ಸು ಇದ್ದದ್ದು ಸಿಲೋನಿನಲ್ಲಿ. ಡಚ್ಚರು ಅಲ್ಲಿನ ಕರಾವಳಿಯನ್ನು ಹಿಡಿದ ಮೇಲೆ ಕಥೋಲಿಕ ಗುರುಗಳಿಗೆ ಪ್ರವೇಶ ನಿಷೇಧಿಸಿದ್ದರು, ವಿಶ್ವಾಸಿಗಳು ದಶಕಗಳಿಂದ ಸಂಸ್ಕಾರಗಳಿಲ್ಲದೆ ಇದ್ದರು. ಅಲ್ಲಿಗೆ ಹೋಗುತ್ತೇನೆಂದು ಕೇಳಿಕೊಂಡವರನ್ನು ಗೋವೆಯ ಧರ್ಮಾಧಿಕಾರಿಗಳು 1681ರಲ್ಲಿ ಕಳುಹಿಸಿದ್ದು ಕೆನರಾಕ್ಕೆ. ಅದೂ ಎಂಥ ಸಮಯದಲ್ಲಿ! ಪೋರ್ಚುಗಲ್ಲಿನ ಪದ್ರುವಾದೊ ಅಧಿಕಾರಕ್ಕೂ ರೋಮಿನ ಪ್ರೊಪಗಾಂಡಾ ನೇಮಿಸಿದ ಬಿಷಪ್ ತೋಮಸ್ ದೆ ಕಾಸ್ತ್ರೊ ಅವರಿಗೂ ಇಲ್ಲಿ ಜಗಳ. ಯಾವ ಗುರುವಿನ ಸಂಸ್ಕಾರ ಮಾನ್ಯ ಎಂದು ಜನರಲ್ಲಿಯೇ ಎರಡು ಪಂಗಡ. (ಚರ್ಚ್ ಜಗಳ ಇಂದು ನಿನ್ನೆಯದಲ್ಲ ಎಂದು ಓದುಗರು ಸಮಾಧಾನಪಟ್ಟುಕೊಳ್ಳಬಹುದು.) ಬೇಡವಾದ ಜಾಗ, ಬೇಡವಾದ ಕೆಲಸ. ಮೂರು ವರ್ಷ ಈ ನಾಡಿನಲ್ಲಿ ಓಡಾಡಿ, ಎರಡೂ ಕಡೆಯವರ ನಡುವೆ ಶಾಂತಿಗಾಗಿ ದುಡಿದು, ಮಕ್ಕಳಿಗೆ ಪಾಠ ಹೇಳಿಸಿ, ಚದುರಿದ ಸಮುದಾಯಗಳನ್ನು ಕೂಡಿಸಿ 1684ರಲ್ಲಿ ಹಿಂತಿರುಗಿದರು.

ಸಿಲೋನಿಗೆ ಹೊರಟದ್ದು 1686ರಲ್ಲಿ. ಕೂಲಿಯವನ ವೇಷದಲ್ಲಿ, ಜೊತೆಗೊಬ್ಬ ಸೇವಕ. 1687ರಲ್ಲಿ ಆ ದ್ವೀಪ ಮುಟ್ಟಿದಾಗ ಭೇದಿಯಿಂದ ಸಾಯುವ ಸ್ಥಿತಿ. ಜಾಫ್ನಾದ ಬೀದಿಗಳಲ್ಲಿ ಕೊರಳಿಗೆ ಜಪಮಾಲೆ ಹಾಕಿಕೊಂಡು ಭಿಕ್ಷೆ ಬೇಡಿದರು. ಜಪಮಾಲೆಯನ್ನು ಗುರುತಿಸುವವರು ಯಾರೋ ಅವರೇ ಅಡಗಿರುವ ಕಥೋಲಿಕರು ಎಂಬ ಲೆಕ್ಕ. 1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂದು ಸೆರೆಗೆ ಹಾಕಿದರು. 1697ರಲ್ಲಿ ಅಲ್ಲಿ ಸಿಡುಬು ಹಬ್ಬಿ, ಜನ ತಮ್ಮವರನ್ನೇ ಬಿಟ್ಟು ಓಡಿದಾಗ ವಾಜರು ಓಡಲಿಲ್ಲ. ರೋಗಿಗಳನ್ನು ತೊಳೆದರು, ಸತ್ತವರನ್ನು ಹೂಳಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿಯೇ ಕಣ್ಣು ಮುಚ್ಚಿದರು. 1995ರಲ್ಲಿ ಪೋಪ್ ಎರಡನೆಯ ಜಾನ್ ಪಾವ್ಲ್ ಅವರು ಕೊಲಂಬೊದಲ್ಲಿ ಇವರನ್ನು ಪುನೀತರೆಂದೂ, 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಅವರು ಅದೇ ನಗರದಲ್ಲಿ ಸಂತರೆಂದೂ ಘೋಷಿಸಿದರು.

ಸಿಡುಬಿನ ಊರಿನಲ್ಲಿ ನಿಲ್ಲುವ ತೀರ್ಮಾನ 1697ರಲ್ಲಿ ಹುಟ್ಟಿದ್ದೆಂದು ನಮಗೆ ಅನಿಸುವುದಿಲ್ಲ. ಸಾಂಕ್ವಾಳದ ಆ ಕಾಗದಕ್ಕೆ ಆಗ ಇಪ್ಪತ್ತು ವರ್ಷ ತುಂಬಿತ್ತು.

ಹಾಗಾದರೆ ಪೇತ್ರರು?

ಇಲ್ಲಿ ಯಾರಾದರೂ ಕೇಳಬಹುದು: ಪೇತ್ರರೂ ಮೊದಲೇ ಮಾತು ಕೊಟ್ಟಿದ್ದರಲ್ಲ? ಸೆರೆಮನೆಗೂ ಸಾವಿಗೂ ಸಿದ್ಧ ಎಂದು ಕೊನೆಯ ಭೋಜನದ ಮೇಜಿನಲ್ಲಿಯೇ ಹೇಳಿದವರು, ಕೋಳಿ ಕೂಗುವುದರೊಳಗೆ ಒಬ್ಬ ದಾಸಿಯ ಪ್ರಶ್ನೆಗೆ ಹೆದರಿ ಗುರುವನ್ನೇ ಅರಿಯೆನೆಂದರು. ಹಾಗಾದರೆ ಮುಂಚಿನ ನಿರ್ಧಾರದಿಂದ ಏನು ಪ್ರಯೋಜನ?

ಬಹಳ ನ್ಯಾಯವಾದ ಪ್ರಶ್ನೆ. ಲೂಕರ ಶುಭಸಂದೇಶದ 22ನೆಯ ಅಧ್ಯಾಯವನ್ನು ನಿಧಾನವಾಗಿ ಓದಿದರೆ ಉತ್ತರ ಸಿಗುತ್ತದೆ. ಪೇತ್ರರು ಮಾತು ಕೊಟ್ಟದ್ದು ತಮ್ಮ ಧೈರ್ಯವನ್ನು ನಂಬಿ. ಯೇಸು ಆಗಲೇ ಎಚ್ಚರಿಸಿದ್ದರು, ನಿನಗಾಗಿ ನಾನು ಪ್ರಾರ್ಥಿಸಿದ್ದೇನೆ ಎಂದೂ ತಿಳಿಸಿದ್ದರು. ಆ ಪ್ರಾರ್ಥನೆ ಬೇಕು ಎಂಬ ಅರಿವೇ ಪೇತ್ರರಿಗಿರಲಿಲ್ಲ. ಅದೇ ರಾತ್ರಿ ಗೆತ್ಸೆಮನೆಯಲ್ಲಿ, ಶೋಧನೆಗೆ ಒಳಗಾಗದಂತೆ ಪ್ರಾರ್ಥಿಸಿರಿ ಎಂದು ಯೇಸು ಕೇಳಿಕೊಂಡಾಗ ಶಿಷ್ಯರು ನಿದ್ದೆ ಹೋದರು. ಎಚ್ಚರವಿದ್ದು ಪ್ರಾರ್ಥಿಸಿದವರು ಯೇಸು ಒಬ್ಬರೇ. ತಂದೆಯ ಚಿತ್ತಕ್ಕೆ ಅವರು ಒಪ್ಪಿಕೊಂಡದ್ದು ಸೈನಿಕರು ಬರುವ ಮೊದಲು, ತೋಟದ ಕತ್ತಲಲ್ಲಿ, ಬೆವರು ಸುರಿಸಿ. ಆಮೇಲೆ ಪಿಲಾತನ ಮುಂದೆ ಅವರು ತೋರಿದ ಶಾಂತಿ ಆ ತೋಟದಿಂದ ಬಂದದ್ದು.

ಅಂದರೆ ನಾವು ಹೇಳುತ್ತಿರುವ ನಿರ್ಧಾರ ಎದೆಯುಬ್ಬಿಸಿ ಮಾಡುವ ಘೋಷಣೆಯಲ್ಲ. ನನ್ನ ಕೈಯಲ್ಲಿ ಆಗದು, ಆದ್ದರಿಂದ ಪ್ರಭುವೇ ಈಗಲೇ ಹಿಡಿದುಕೊಳ್ಳಿರಿ ಎಂದು ಒಪ್ಪಿಸಿಕೊಳ್ಳುವುದು. ಕೊನೆಯವರೆಗೆ ನಿಲ್ಲುವುದು ದೇವರ ವರದಾನವೇ ಹೊರತು ಸ್ವಂತ ಸಂಪಾದನೆಯಲ್ಲ ಎಂದು ಧರ್ಮಸಭೆ ಬೋಧಿಸುತ್ತದೆ. ಪೇತ್ರರಿಗೂ ಇದು ಅತ್ತು ಅತ್ತು ತಿಳಿಯಿತು. ಪ್ರೇಷಿತರ ಕಾರ್ಯಕಲಾಪಗಳ ಐದನೆಯ ಅಧ್ಯಾಯದಲ್ಲಿ ಅದೇ ನ್ಯಾಯಸಭೆಯ ಮುಂದೆ, ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಎಂದು ನಿಂತು ಹೇಳಿದವರು ಇದೇ ಪೇತ್ರರು. ನಡುವೆ ಪವಿತ್ರಾತ್ಮರ ಆಗಮನ ಆಗಿತ್ತು. ದೃಢೀಕರಣ ಸಂಸ್ಕಾರದ ಹೆಸರಿನಲ್ಲಿಯೇ ದೃಢತೆ ಇದೆ ಎಂಬುದನ್ನು ಆ ಸಂಸ್ಕಾರಕ್ಕೆ ಸಿದ್ಧರಾಗುವ ಮಕ್ಕಳಿಗೆ ನಾವು ಹೇಳುತ್ತೇವೆಯೇ, ಅಥವಾ ಬಟ್ಟೆ, ಫೋಟೊ, ಊಟದ ಗಡಿಬಿಡಿಯಲ್ಲಿ ಅದು ಮರೆತುಹೋಗುತ್ತದೆಯೇ?

ಒಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಪೇತ್ರರ ಈ ಮಾತನ್ನು ಪಾಲನಾ ಮಂಡಳಿಯ ಸಭೆಯಲ್ಲಿ ತಮ್ಮ ಹಠ ಸಾಧಿಸಲು ಬಳಸುವವರಿದ್ದಾರೆ. ದೇವರ ಆಜ್ಞೆ ಯಾವುದು, ನಮ್ಮ ಅಭಿಪ್ರಾಯ ಯಾವುದು ಎಂದು ಬೇರ್ಪಡಿಸಿಕೊಳ್ಳುವುದೂ ವಿಧೇಯತೆಯ ಒಂದು ಭಾಗ.

ಗಡಾಯಿಕಲ್ಲಿನ ದಾರಿ

ಸಂತ ಇಗ್ನೇಷಿಯಸ್ ಲೊಯೋಲರು ಮೊದಲು ಸೈನಿಕರು. 1521ರಲ್ಲಿ ಪಾಂಪ್ಲೋನಾ ಕೋಟೆಯನ್ನು ಕಾಯುವಾಗ ಗುಂಡಿನೇಟಿಗೆ ಕಾಲು ಮುರಿಯಿತು. ಅವರ 'ಆಧ್ಯಾತ್ಮಿಕ ಸಾಧನೆ'ಗಳಲ್ಲಿ ಬರುವ ನಿಯಮಗಳ ಪೈಕಿ ಮೂರು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಮೊದಲನೆಯದು, ಮನಸ್ಸು ಕತ್ತಲಾಗಿರುವಾಗ, ಪ್ರಾರ್ಥನೆ ರುಚಿಸದಿರುವಾಗ, ಹಿಂದೆ ಬೆಳಕಿನಲ್ಲಿ ಮಾಡಿದ ಒಳ್ಳೆಯ ನಿರ್ಧಾರವನ್ನು ಬದಲಾಯಿಸಬಾರದು. ಎರಡನೆಯದು, ಮನಸ್ಸು ನೆಮ್ಮದಿಯಾಗಿರುವಾಗಲೇ ಮುಂದೆ ಬರುವ ಕತ್ತಲನ್ನು ನೆನೆದು ಶಕ್ತಿ ಕೂಡಿಟ್ಟುಕೊಳ್ಳಬೇಕು. ಮೂರನೆಯದು, ವೈರಿ ಕೋಟೆಯ ಸುತ್ತ ತಿರುಗಿ ನೋಡಿ ಎಲ್ಲಿ ಗೋಡೆ ದುರ್ಬಲವೋ ಅಲ್ಲಿಯೇ ಹೊಡೆಯುತ್ತಾನೆ.

ಬೆಳ್ತಂಗಡಿಯವರಿಗೆ ಈ ಮೂರನೆಯದನ್ನು ವಿವರಿಸುವುದು ಸುಲಭ. ತಲೆಯೆತ್ತಿದರೆ ಗಡಾಯಿಕಲ್ಲು. ಟಿಪ್ಪು ಸುಲ್ತಾನನು 1794ರಲ್ಲಿ ಕೋಟೆ ಕಟ್ಟಿಸಿ ಜಮಲಾಬಾದ್ ಎಂದು ಕರೆದ ಆ ಬಂಡೆಗೆ ಹತ್ತಲು ಇರುವುದು ಕಲ್ಲಿನಲ್ಲಿ ಕಡಿದ ಒಂದೇ ಕಿರಿದಾದ ಮೆಟ್ಟಿಲ ದಾರಿ. ಬೇರೆ ಎಲ್ಲ ಕಡೆ ಕಾವಲು ಬೇಕಾಗಿಲ್ಲ, ಬಂಡೆಯೇ ಕಾವಲು. ಆ ಒಂದು ದಾರಿಯನ್ನು ಬಿಟ್ಟವನು ಕೋಟೆಯನ್ನೇ ಬಿಟ್ಟಂತೆ. ನಮ್ಮಲ್ಲಿಯೂ ಪ್ರತಿಯೊಬ್ಬರಿಗೂ ಹಾಗೆ ಒಂದು ದಾರಿ ಇರುತ್ತದೆ. ಒಬ್ಬನಿಗೆ ಕುಡಿತ, ಒಬ್ಬನಿಗೆ ಹಣ, ಇನ್ನೊಬ್ಬರಿಗೆ ನಾಲ್ಕು ಜನರ ಬಾಯಿಯ ಭಯ. ಎಲ್ಲ ಪಾಪಗಳ ವಿರುದ್ಧ ಒಟ್ಟಿಗೆ ಸಾಮಾನ್ಯವಾದ ಒಂದು ನಿರ್ಧಾರ ಮಾಡುವುದಕ್ಕಿಂತ ಆ ಒಂದು ಮೆಟ್ಟಿಲ ದಾರಿಯಲ್ಲಿ ಕಾವಲು ಹಾಕುವುದು ಮೇಲು.

1784

ಕೋಟೆಯ ಮಾತು ಬಂದದ್ದರಿಂದ ಸೆರೆಯ ಮಾತನ್ನೂ ಆಡಬೇಕು. 1784ರ ಸೆರೆಯ ಕತೆಗೆ ಗಡಾಯಿಕಲ್ಲಿನ ಈ ಕೋಟೆಯನ್ನು ಸೇರಿಸಿ ಹೇಳುವವರುಂಟು. ಇಸವಿ ನೋಡಿದರೆ ಕೋಟೆ ಕಟ್ಟಿಸಿದ್ದು ಹತ್ತು ವರ್ಷ ಆಮೇಲೆ. ಹಿರಿಯರ ನೋವನ್ನು ಹೇಳುವಾಗ ಇರುವುದನ್ನು ಇದ್ದಂತೆ ಹೇಳಿದರೆ ಸಾಕು, ಅದೇ ಬೇಕಾದಷ್ಟಿದೆ.

ಇಂಗ್ಲಿಷರೊಡನೆ ಎರಡನೆಯ ಯುದ್ಧ ಮುಗಿಯುವ ಹೊತ್ತು, ಕೆನರಾದ ಕ್ರೈಸ್ತರು ಶತ್ರುವಿಗೆ ನೆರವಾದರೆಂಬ ಸಂಶಯ ಸುಲ್ತಾನನಿಗೆ. 1784ರ ಫೆಬ್ರವರಿ ಕೊನೆಯಲ್ಲಿ, ವಿಭೂತಿ ಬುಧವಾರದ ಹೊತ್ತಿಗೆ, ಅವರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಸೆರೆಯಾದವರು ಎಷ್ಟು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ; 30,000ದಿಂದ 80,000ದವರೆಗೆ ಲೆಕ್ಕಗಳಿವೆ. ದಾರಿಯಲ್ಲಿಯೇ ಸತ್ತವರು ಬಹಳ. ಆಸ್ತಿ ಹೋಯಿತು. ಗುರುಗಳನ್ನು ಗಡೀಪಾರು ಮಾಡಲಾಯಿತು. 27 ಚರ್ಚುಗಳು ನೆಲಸಮವಾದುವು ಎಂಬುದು ಸಮುದಾಯದ ಇತಿಹಾಸದಲ್ಲಿ ಬಂದಿರುವ ಲೆಕ್ಕ. ಇಂದು ಬಂಟ್ವಾಳ ತಾಲೂಕಿನಲ್ಲಿರುವ ಫರಂಗಿಪೇಟೆಯ ಮೊಂತೆ ಮಾರಿಯಾನೊದಲ್ಲಿ ಫಾದರ್ ಮಿರಾಂದಾ ನಡೆಸುತ್ತಿದ್ದ ಸೆಮಿನರಿಯೂ ಹೋಯಿತು. ಮೂಡುಬಿದಿರೆ ಬಳಿಯ ಹೊಸಬೆಟ್ಟುವಿನ ಪವಿತ್ರ ಶಿಲುಬೆಯ ಚರ್ಚ್ ಮಾತ್ರ ಉಳಿಯಿತು. ಉಳಿಸಿದ್ದು ಮೂಡುಬಿದಿರೆಯ ಚೌಟ ಅರಸರ ಸ್ನೇಹ. ಅವರು ಜೈನರು. ಈ ಇತಿಹಾಸವನ್ನು ಯಾರ ಮೇಲಾದರೂ ದ್ವೇಷ ಹುಟ್ಟಿಸಲು ಬಳಸುವವರು ಹೊಸಬೆಟ್ಟುವಿಗೆ ಒಮ್ಮೆ ಹೋಗಿ ಬರುವುದು ಒಳ್ಳೆಯದು.

1799ರ ಮೇ 4ರಂದು ಶ್ರೀರಂಗಪಟ್ಟಣ ಬೀಳುವವರೆಗೆ ಹದಿನೈದು ವರ್ಷ. ಈ ಹದಿನೈದು ವರ್ಷಗಳನ್ನು ಧರ್ಮೋಪದೇಶಕರ ದೃಷ್ಟಿಯಿಂದ ನೋಡಬೇಕು. ಊರಿನ ಚರ್ಚ್ ಇಲ್ಲ, ಹಿಂದೆ ಬಂದ ಪಾದ್ರಿಗಳಿಲ್ಲ, ಹಬ್ಬಗಳಿಲ್ಲ. ಭಾನುವಾರ ಚರ್ಚಿಗೆ ಹೋಗುವುದಷ್ಟೇ ವಿಶ್ವಾಸವಾಗಿದ್ದವನ ಕೈಯಲ್ಲಿ ಅಲ್ಲಿ ಏನು ಉಳಿದೀತು? ಉಳಿಯಬಹುದಾದದ್ದು ಸೆರೆಗೆ ಮೊದಲು ಬಾಯಿಪಾಠವಾಗಿದ್ದ ಪ್ರಾರ್ಥನೆ, ತಾಯಿ ಮಕ್ಕಳಿಗೆ ಕಲಿಸಿದ್ದ ಶಿಲುಬೆಯ ಗುರುತು, ಮನೆಯೊಳಗೆ ಹೇಳಿ ಅಭ್ಯಾಸವಾಗಿದ್ದ ಜಪಮಾಲೆ. ಬದುಕುಳಿದವರು ಊರಿಗೆ ಹಿಂತಿರುಗಿ ಪಾಳುಬಿದ್ದ ಜಾಗಗಳಲ್ಲಿ ಮತ್ತೆ ಚರ್ಚ್ ಕಟ್ಟಿದರು. ಇಂದು ನಾವು ಹಬ್ಬ ಮಾಡುವ ಧರ್ಮಕೇಂದ್ರಗಳಿಗೆ ಬೇರು ಅವರೇ.

ಆದರೆ ಎಲ್ಲರೂ ನಿಲ್ಲಲಿಲ್ಲ. ಬಲಾತ್ಕಾರಕ್ಕೆ, ಹಸಿವಿಗೆ, ಮಕ್ಕಳ ಪ್ರಾಣದ ಭಯಕ್ಕೆ ಮಣಿದವರು ಸಾವಿರಾರು. ಅವರ ಬಗ್ಗೆ ತೀರ್ಪು ಹೇಳುವ ಯೋಗ್ಯತೆ, ಫ್ಯಾನಿನ ಕೆಳಗೆ ಕುಳಿತು ಬರೆಯುವ ನಮಗಿಲ್ಲ. 1799ರ ನಂತರ ಫ್ರಾನ್ಸಿನ ಗುರು ಅಬ್ಬೆ ದ್ಯುಬುವಾ ಅವರು ಶ್ರೀರಂಗಪಟ್ಟಣಕ್ಕೆ ಬಂದು ಅಂಥವರನ್ನು ಮತ್ತೆ ಸಂಸ್ಕಾರಗಳಿಗೆ ಬರಮಾಡಿಕೊಂಡರು. ಕ್ರಿ.ಶ. 250ರ ದೇಸಿಯಸ್ ಚಕ್ರವರ್ತಿಯ ಹಿಂಸೆಯ ನಂತರ ಕಾರ್ಥೇಜಿನ ಸಂತ ಸಿಪ್ರಿಯಾನರ ಮುಂದೆಯೂ ಇದೇ ಪ್ರಶ್ನೆ ಬಂದಿತ್ತು, ಪಶ್ಚಾತ್ತಾಪದ ದಾರಿಯಲ್ಲಿ ಬಿದ್ದವರಿಗೆ ಬಾಗಿಲು ತೆರೆಯಿತು. ನಿರ್ಧಾರ ಮುರಿದವನಿಗೂ ಧರ್ಮಸಭೆಯಲ್ಲಿ ಜಾಗವಿದೆ. ಇದನ್ನು ಹೇಳದೆ ಬರೀ ದೃಢತೆಯ ಪ್ರವಚನ ಕೊಟ್ಟರೆ ನಾವು ಎದ್ದು ನಿಲ್ಲಬೇಕಾದವನನ್ನು ಮತ್ತೆ ನೆಲಕ್ಕೆ ದೂಡಿದಂತೆ.

ನಮ್ಮ ಮನೆಯ ಪರೀಕ್ಷೆಗಳು

ಇಂದು ಬಂಟ್ವಾಳದ ಕಥೋಲಿಕನಿಗೆ ಸೈನಿಕರು ಬಂದು ವಿಶ್ವಾಸ ಬಿಡು ಎನ್ನುವುದಿಲ್ಲ. ಕೇಳುವುದು ಬೇರೆ ಭಾಷೆಯಲ್ಲಿ. ಬೆಳ್ತಂಗಡಿ ಕಡೆಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಡಿಕೆಗೆ ಎಲೆಚುಕ್ಕಿ ರೋಗ, ಮಗಳ ನರ್ಸಿಂಗ್ ಓದಿಗೆ ತೆಗೆದ ಸಾಲ ಬಾಕಿ. ವಿದೇಶಕ್ಕೆ ಕಳುಹಿಸುವ ಏಜೆಂಟನು ಎರಡು ವರ್ಷದ ಅನುಭವದ ಸುಳ್ಳು ಸರ್ಟಿಫಿಕೇಟ್ ಮಾಡಿಸಿಕೊಡುತ್ತೇನೆ, ಎಲ್ಲರೂ ಹೀಗೆಯೇ ಹೋಗುವುದು ಎನ್ನುತ್ತಾನೆ. ಉತ್ತರ ಕೊಡಲು ಸಂಜೆಯವರೆಗೆ ಸಮಯ. ಆ ಸಂಜೆ ಆ ಹುಡುಗಿ ಎಂಟನೆಯ ಆಜ್ಞೆಯ ಬಗ್ಗೆ ಮೊದಲ ಬಾರಿಗೆ ಯೋಚಿಸಬೇಕಾಗಿ ಬಂದರೆ ಅವಳ ಸ್ಥಿತಿ ಏನು? ಅಪ್ಪನ ಮುಖ, ಬ್ಯಾಂಕಿನ ನೋಟಿಸು, ಜೊತೆಯವಳು ಕಳುಹಿಸಿದ ಫೋಟೊ ಎಲ್ಲವೂ ಒಂದು ಕಡೆ. ಈ ಮಾತು ಮನೆಯಲ್ಲಿ ಒಂದು ವರ್ಷ ಮೊದಲೇ, ರಾತ್ರಿಯ ಪ್ರಾರ್ಥನೆ ಮುಗಿಸಿ ಊಟಕ್ಕೆ ಕುಳಿತಾಗ ಬಂದಿದ್ದರೆ? ನೋಡು ಮಗಾ, ತಡವಾದರೂ ಸರಿ, ಸುಳ್ಳು ಕಾಗದ ಕೊಟ್ಟು ಹೋಗುವುದು ಬೇಡ, ಸಾಲದ ಚಿಂತೆ ನಮಗಿರಲಿ ಎಂದು ಅಪ್ಪ ಆಗಲೇ ಹೇಳಿದ್ದರೆ, ಏಜೆಂಟನಿಗೆ ಉತ್ತರ ಕೊಡಲು ಅವಳಿಗೆ ಒಂದು ನಿಮಿಷ ಸಾಕು. ಸಾಲ ತೀರುವುದಿಲ್ಲ, ನಿಜ. ಕಷ್ಟ ಹಾಗೆಯೇ ಇರುತ್ತದೆ. ಆದರೆ ಅವಳು ಒಬ್ಬಂಟಿಯಾಗಿ ಅದರ ಮುಂದೆ ನಿಲ್ಲುವುದಿಲ್ಲ.

ವೃದ್ಧ ತಾಯಿತಂದೆಯರ ವಿಷಯವೂ ಹೀಗೆಯೇ. ತಾಯಿಗೆ ಪಾರ್ಶ್ವವಾಯು ಬಡಿದ ಮೇಲೆ ಆಸ್ಪತ್ರೆಯ ಜಗಲಿಯಲ್ಲಿ ಅಣ್ಣತಮ್ಮಂದಿರು ನಿನ್ನ ಸರದಿ, ನನ್ನ ಸರದಿ ಎಂದು ಲೆಕ್ಕ ಮಾಡುವುದನ್ನು ಧರ್ಮಗುರುಗಳು ಎಷ್ಟು ಕಂಡಿಲ್ಲ! ನಾಲ್ಕನೆಯ ಆಜ್ಞೆಯನ್ನು ಪಾಲಿಸುವ ಬಗೆಯನ್ನು ತಾಯಿ ಗಟ್ಟಿಯಾಗಿರುವಾಗಲೇ, ಅವರ ಎದುರಿಗೇ, ಮಾತನಾಡಿಕೊಳ್ಳಬಹುದು.

ಕುಡಿತ ಬಿಟ್ಟವನಿಗೆ ರೋಸ್‌ನ ಮನೆ. ಬೇಡವೆನ್ನಬೇಕೆಂದು ಅಂಗಳದಲ್ಲಿ ಲೋಟ ಕೈಗೆ ಬಂದಾಗ ತೀರ್ಮಾನಿಸಿದರೆ ತಡವಾಯಿತು. ಯಾರ ಪಕ್ಕ ಕೂರುವುದು, ಬಾವ ಒತ್ತಾಯಿಸಿದರೆ ಏನು ಹೇಳುವುದು, ಎಷ್ಟು ಹೊತ್ತಿಗೆ ಏಳುವುದು ಎಂಬುದನ್ನು ಮನೆಯಿಂದ ಹೊರಡುವ ಮೊದಲೇ ಹೆಂಡತಿಯೊಡನೆ ಆಡಿಕೊಂಡವನು ಗೆಲ್ಲುತ್ತಾನೆ.

ನಾಳೆಯ ಚಿಂತೆ ಬೇಡವೆಂದು ಪ್ರಭುವೇ ಹೇಳಿಲ್ಲವೇ ಎಂದು ಆಕ್ಷೇಪಿಸಬಹುದು. ಚಿಂತೆ ನಾಳೆಯ ಕಷ್ಟವನ್ನು ಇಂದೇ ಹೊತ್ತುಕೊಳ್ಳುತ್ತದೆ. ನಾವು ಹೇಳುವ ನಿರ್ಧಾರ ಆ ಕಷ್ಟವನ್ನು ಊಹಿಸಿ ನಡುಗುವುದಿಲ್ಲ, ಯಾವ ಕಷ್ಟ ಬರುತ್ತದೆಂದು ಕೇಳುವುದೂ ಇಲ್ಲ. ಯಾರ ಮಾತು ಕೇಳಬೇಕೆಂಬುದನ್ನು ಮಾತ್ರ ಮುಗಿಸಿಡುತ್ತದೆ, ಉಳಿದದ್ದನ್ನು ದೇವರಿಗೆ ಬಿಡುತ್ತದೆ.

ಧರ್ಮಸಭೆ ಕೈಯಲ್ಲಿಟ್ಟಿರುವ ಸಾಧನಗಳು

ಇದಕ್ಕೆ ಹೊಸ ಕಾರ್ಯಕ್ರಮ ಬೇಕಾಗಿಲ್ಲ. ಮದುವೆಯ ವಿಧಿಯನ್ನೇ ನೋಡಿ. ಸುಖದಲ್ಲಿಯೂ ದುಃಖದಲ್ಲಿಯೂ, ಆರೋಗ್ಯದಲ್ಲಿಯೂ ಕಾಯಿಲೆಯಲ್ಲಿಯೂ ನಿಷ್ಠರಾಗಿರುವ ಮಾತನ್ನು ಧರ್ಮಸಭೆ ಕೇಳುವುದು ಹೂವಿನ ಅಲಂಕಾರದ ನಡುವೆ, ಕಾಯಿಲೆಯ ಸುಳಿವೂ ಇಲ್ಲದ ದಿನ. ಗುರುದೀಕ್ಷೆಯಲ್ಲಿ, ಧಾರ್ಮಿಕ ಸಹೋದರ ಸಹೋದರಿಯರ ವ್ರತದಲ್ಲಿ ಕೂಡ ಹಾಗೆಯೇ. ವಿವಾಹ ಸಿದ್ಧತಾ ಶಿಬಿರ ನಡೆಸುವವರು ಈ ಒಂದು ವಾಕ್ಯದ ಮೇಲೆ ಅರ್ಧ ಗಂಟೆ ಕಳೆದರೆ ನಷ್ಟವಿಲ್ಲ.

ಪಾಪನಿವೇದನೆಯಲ್ಲಿ ದುಃಖದ ಜೊತೆಗೆ ಇನ್ನು ಮುಂದೆ ಪಾಪ ಮಾಡುವುದಿಲ್ಲವೆಂಬ ಸಂಕಲ್ಪವೂ ಬೇಕೆಂದು 1551ರಲ್ಲಿ ತ್ರೆಂತ್ ಮಹಾಸಭೆ ಬೋಧಿಸಿತು. ಪಶ್ಚಾತ್ತಾಪದ ಪ್ರಾರ್ಥನೆಯನ್ನು ನಾವು ರೈಲು ಹಿಡಿಯುವ ಅವಸರದಲ್ಲಿ ಹೇಳಿ ಮುಗಿಸುತ್ತೇವೆ. ಆದರೆ ಅದರ ಕೊನೆಯ ಭಾಗ ನಾಳೆಯ ಶೋಧನೆಗೆ ಇಂದು ಕೊಡುವ ಉತ್ತರವೇ. ಪಾಪದ ಸಂದರ್ಭಗಳಿಂದ ದೂರವಿರುವುದೂ ಅದರಲ್ಲಿ ಸೇರಿದೆ. ನಿವೇದನೆ ಕೇಳುವ ಗುರುಗಳು, ಮುಂದಿನ ವಾರ ಅದೇ ಸಂದರ್ಭ ಬಂದರೆ ಏನು ಮಾಡುತ್ತೀರಿ ಎಂದು ಒಂದು ಪ್ರಶ್ನೆ ಮೃದುವಾಗಿ ಕೇಳಿದರೆ ಬಹಳ ಉಪಕಾರವಾದೀತು.

ದಿನನಿತ್ಯಕ್ಕೆ ಸಂತ ಫ್ರಾನ್ಸಿಸ್ ದೆ ಸಾಲ್ ಅವರ ಸಲಹೆ ಇದೆ. 1609ರಲ್ಲಿ ಸಂಸಾರಸ್ಥರಿಗಾಗಿಯೇ ಬರೆದ ಭಕ್ತಿಜೀವನದ ಪುಸ್ತಕದಲ್ಲಿ, ಬೆಳಗಿನ ಪ್ರಾರ್ಥನೆಯಲ್ಲಿ ಆ ದಿನ ಯಾರನ್ನು ಭೇಟಿಯಾಗಬೇಕು, ಎಲ್ಲಿ ಕೋಪ ಬರಬಹುದು, ಎಲ್ಲಿ ಜಾರಬಹುದು ಎಂದು ಮುಂಚಿತವಾಗಿ ನೋಡಿ ಪ್ರತಿಯೊಂದಕ್ಕೂ ಒಂದು ನಿರ್ಧಾರ ಮಾಡಿಕೊಂಡು, ತನ್ನಿಂದ ಇದು ಆಗದೆಂದು ಒಪ್ಪಿ ದೇವರ ಕ ೈಗೆ ಒಪ್ಪಿಸಬೇಕೆಂದು ಕಲಿಸುತ್ತಾರೆ. ಐದು ನಿಮಿಷದ ಕೆಲಸ. ಬಸ್ಸಿಗೆ ಕಾಯುವಾಗಲೂ ಮಾಡಬಹುದು.

ವಾರ್ಡಿನ ಸಭೆಗಳಿಗೆ ನಮ್ಮದೊಂದು ಸಲಹೆ. ಜನವರಿ 16 ಸಂತ ಜೋಸೆಫ್ ವಾಜರ ಹಬ್ಬ. ಆ ವಾರದ ಸಭೆಯಲ್ಲಿ ದಾನಿಯೇಲ ಗ್ರಂಥದ ಮೊದಲನೆಯ ಅಧ್ಯಾಯ ಓದಿ, ಸಾಂಕ್ವಾಳದ ಪತ್ರದ ಕತೆ ಹೇಳಿ, ಪ್ರತಿ ಕುಟುಂಬವೂ ತನ್ನ ಮನೆಯ ಒಂದು ಮೆಟ್ಟಿಲ ದಾರಿ ಯಾವುದೆಂದು ಯೋಚಿಸಿ ಒಂದೇ ಒಂದು ನಿರ್ಧಾರವನ್ನು ಕಾಗದದಲ್ಲಿ ಬರೆಯಲಿ. ಯಾರಿಗೂ ಓದಿ ಹೇಳಬೇಕಾಗಿಲ್ಲ, ಗುರ್ಕಾರರು ಸಂಗ್ರಹಿಸುವುದೂ ಬೇಡ. ಮನೆಯ ಅಲ್ತಾರಿನಲ್ಲಿ ಶಿಲುಬೆಯ ಹಿಂದೆ ಇಟ್ಟುಕೊಳ್ಳಲಿ. ಪಾಸ್ಖ ಜಾಗರಣೆಯ ರಾತ್ರಿ ಮೇಣದಬತ್ತಿ ಹಿಡಿದು ದೀಕ್ಷಾಸ್ನಾನದ ಪ್ರತಿಜ್ಞೆಗಳನ್ನು ನವೀಕರಿಸಲು ಹೊರಡುವ ಮೊದಲು, ಅದನ್ನು ತೆಗೆದು ಒಮ್ಮೆ ಓದಿಕೊಳ್ಳಲಿ. ಮುರಿದಿದ್ದರೆ ಆ ವಾರದ ಪಾಪನಿವೇದನೆಗೆ ತಂದು, ಮತ್ತೆ ಬರೆದಿಡಲಿ.